ಜಮೀನು ಇಲ್ಲಿ, ಒಡೆಯರು ಎಲ್ಲಿ?



ಒಂದು ಊರಿನ ಜಮೀನಿಗೆ ಹೊರಗಿನವರ ಹಣ ಬಂದರೆ ಆ ಊರಿನ ಬಾಳು ಹೇಗೆ ಬದಲಾಗುತ್ತದೆ? ನಮ್ಮ ಉಪನ್ಯಾಸ ಮಾಲಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಾಗ ತೆರೆಯ ಮೇಲೆ ನಮಗೆ ದೊರೆತದ್ದು ಅರ್ಧ ಗಂಟೆ ಮಾತ್ರ. ಅಷ್ಟರಲ್ಲಿ ಹೇಳಲಾಗದ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದಿಡುತ್ತಿದ್ದೇನೆ. ಇದು ಅರ್ಥಶಾಸ್ತ್ರದವರಿಗೆ ಮಾತ್ರ ಸೇರಿದ ವಿಷಯವಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಎರಡೋ ಮೂರೋ ಎಕರೆ ಜಮೀನು ಇರಬಹುದು. ಅದನ್ನು ಇಟ್ಟುಕೊಳ್ಳಬೇಕೇ, ಮಾರಬೇಕೇ, ಗುತ್ತಿಗೆಗೆ ಕೊಡಬೇಕೇ ಎಂಬ ಪ್ರಶ್ನೆ ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ನಿಮ್ಮ ಮುಂದೆಯೇ ಬರಲಿದೆ. ಆಗ ನೆರವಾಗಲೆಂದು ಇತಿಹಾಸದಿಂದ ಮೂರು ಊರುಗಳ ಕಥೆಯನ್ನು ಆರಿಸಿಕೊಂಡಿದ್ದೇನೆ. ಒಂದು ನಮ್ಮ ಕೊಡಗಿನದು, ಇನ್ನೊಂದು ಅಮೆರಿಕದ ಕ್ಯಾಲಿಫೋರ್ನಿಯದ್ದು, ಮೂರನೆಯದು ಆಫ್ರಿಕದ ಇಥಿಯೋಪಿಯದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಹೊರಗಿನ ಬಂಡವಾಳ ಎಂದರೇನು? ಊರಿನ ಸಾಹುಕಾರ ಪಕ್ಕದ ಹೊಲ ಕೊಂಡರೆ ಅದೂ ಬಂಡವಾಳವೇ. ಆದರೆ ಆತ ಅದೇ ಊರಿನಲ್ಲಿ ವಾಸಿಸುತ್ತಾನೆ, ಅದೇ ಕೆರೆಯ ನೀರು ಬಳಸುತ್ತಾನೆ, ಅದೇ ಜಾತ್ರೆಗೆ ವಂತಿಗೆ ಕೊಡುತ್ತಾನೆ. ಹೊರಗಿನ ಬಂಡವಾಳದ ಲಕ್ಷಣ ಬೇರೆ. ಏನು ಬೆಳೆಯಬೇಕೆಂಬ ನಿರ್ಧಾರ ಬೇರೊಂದು ಕಡೆ ಆಗುತ್ತದೆ, ಲಾಭ ಬೇರೊಂದು ಕಡೆ ಹೋಗುತ್ತದೆ, ನಷ್ಟ ಬಂದಾಗ ಹಣ ಹೂಡಿದವರು ಎದ್ದು ಹೋಗಲು ಸಾಧ್ಯವಿರುತ್ತದೆ. ಊರಿನವರಿಗೆ ಹಾಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. ಈ ಮೂರು ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಕೊಡಗು: ‘ಪೈಸಾರಿ’ ಎಂಬ ಪದ

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಆಗ ಅಲ್ಲಿನ ಜಮೀನಿನ ವ್ಯವಸ್ಥೆ ಬಯಲುಸೀಮೆಯಂತಿರಲಿಲ್ಲ. ಗದ್ದೆಯ ಬಹುಭಾಗ ‘ಜಮ್ಮಾ’ ಹಿಡುವಳಿ. ರಾಜನಿಗೆ ಯುದ್ಧಕಾಲದಲ್ಲಿಯೂ ಇತರ ಸಂದರ್ಭಗಳಲ್ಲಿಯೂ ಸೇವೆ ಸಲ್ಲಿಸುವ ಕರಾರಿನ ಮೇಲೆ ವಂಶಪಾರಂಪರ್ಯವಾಗಿ ಬಂದ ಭೂಮಿ ಅದು. ಸಾಮಾನ್ಯ ‘ಸಾಗು’ ಜಮೀನಿಗಿಂತ ಅದಕ್ಕೆ ಅರ್ಧ ಕಂದಾಯ. ಅದು ಒಬ್ಬ ವ್ಯಕ್ತಿಯ ಸ್ವತ್ತಲ್ಲ, ಇಡೀ ಒಕ್ಕದ ಸ್ವತ್ತು. ಆದ್ದರಿಂದ ಅದನ್ನು ಮಾರುವಂತಿರಲಿಲ್ಲ. ಪ್ರತಿ ಗದ್ದೆಗೂ ಅದರ ಮೇಲಣ ಗುಡ್ಡದಲ್ಲಿ ‘ಬಾಣೆ’ ಎಂಬ ಕಾಡು ಸೇರಿಕೊಂಡಿರುತ್ತಿತ್ತು. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ಮರ ಎಲ್ಲವೂ ಬಾಣೆಯಿಂದ. ಇವುಗಳ ಆಚೆಗೆ ದೇವರಕಾಡುಗಳಿದ್ದವು. ಅದರ ಆಚೆಗೆ ಯಾರ ಹೆಸರಿನಲ್ಲಿಯೂ ದಾಖಲಾಗದ ಕಾಡು. ಅದಕ್ಕೆ ಸರ್ಕಾರಿ ಲೆಕ್ಕದಲ್ಲಿ ‘ಪೈಸಾರಿ’ ಎಂದು ಹೆಸರು. ಎಂದರೆ ಯಾರಿಗೂ ಸೇರದ, ಸರ್ಕಾರಕ್ಕೆ ಸೇರಿದ ಭೂಮಿ.

ಯಾರಿಗೂ ಸೇರದ್ದು ಎಂಬುದು ಲೆಕ್ಕದ ಮಾತು. ಜೇನುಕುರುಬರು ಅಲ್ಲಿ ಜೇನು ಕೀಳುತ್ತಿದ್ದರು, ಗೆಡ್ಡೆ ಗೆಣಸು ಅಗೆಯುತ್ತಿದ್ದರು. ಊರಿನ ದನಗಳು ಅಲ್ಲಿಯವರೆಗೂ ಮೇಯಲು ಹೋಗುತ್ತಿದ್ದವು. ಘಟ್ಟದ ಏಲಕ್ಕಿ ಮಲೆಗಳಿಗೆ ಜನ ಹೋಗಿ ಬರುತ್ತಿದ್ದರು. ಇವರಲ್ಲಿ ಯಾರ ಬಳಿಯೂ ಕಾಗದಪತ್ರ ಇರಲಿಲ್ಲ. ಆದ್ದರಿಂದ ಸರ್ಕಾರದ ಕಣ್ಣಿಗೆ ಆ ಭೂಮಿ ಖಾಲಿಯಾಗಿ ಕಂಡಿತು.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ತೋಟವೆಂದು ಇದನ್ನೇ ಗುರುತಿಸುತ್ತಾರೆ. ಕಾಫಿ ಗಿಡ ಅದಕ್ಕೆ ಮೊದಲೂ ಅಲ್ಲಲ್ಲಿ ಹಿತ್ತಿಲುಗಳಲ್ಲಿ ಇತ್ತು. ಆದರೆ ಹಿತ್ತಿಲ ಗಿಡಕ್ಕೂ ತೋಟಕ್ಕೂ ಅಜಗಜಾಂತರ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸಂಪಾಜೆ ಘಟ್ಟ, ಪೆರುಂಬಾಡಿ ಘಟ್ಟ, ಮಡಿಕೇರಿಯ ಸುತ್ತಮುತ್ತಲಿನ ಬೆಟ್ಟಗಳಲ್ಲಿ ಒಂದರ ಹಿಂದೆ ಒಂದು ತೋಟ ಎದ್ದಿತು. ಹಣ ಬ್ರಿಟನ್ನಿನಿಂದ, ಅನುಭವ ಬಹುಮಟ್ಟಿಗೆ ಸಿಂಹಳದಿಂದ ಬಂತು. ಸರ್ಕಾರ ಪೈಸಾರಿ ಭೂಮಿಯನ್ನು ಸುಲಭ ದರದಲ್ಲಿ ಕೊಟ್ಟಿತು.

ಈಗ ಊರಿನಲ್ಲಿ ಆದ ಬದಲಾವಣೆಗಳನ್ನು ನೋಡೋಣ. ಎಲ್ಲವೂ ಕೆಡುಕೇ ಆಗಿರಲಿಲ್ಲ. ಕಾಫಿ ಮೂಟೆ ಮಂಗಳೂರು, ತಲಚೇರಿಗಳ ಬಂದರಿಗೆ ಹೋಗಬೇಕಾಗಿದ್ದರಿಂದ ಘಟ್ಟದ ರಸ್ತೆಗಳು ಬೆಳೆದವು. ನಗದು ಹಣ ಸಂತೆಗಳಲ್ಲಿ ಓಡಾಡತೊಡಗಿತು. ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಕೊಡಗಿನಲ್ಲಿ ಹೊಲೆಯರು, ಯರವರು ಮೊದಲಾದವರು ತಲೆಮಾರುಗಳಿಂದ ಜಮೀನಿಗೆ ಅಂಟಿಕೊಂಡ ಜೀತದಲ್ಲಿದ್ದರು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದಿತು. ಆದರೆ ಹೊಟ್ಟೆಗೆ ಬೇರೆ ದಾರಿಯಿಲ್ಲದವನಿಗೆ ಕಾಯಿದೆ ಏನು ಕೊಟ್ಟೀತು? ದಿನಗೂಲಿ ಕೊಡುವ ತೋಟ ಹತ್ತಿರದಲ್ಲೇ ಬಂದಾಗ ಹಳೆಯ ಒಡೆಯನ ಅಂಗಳ ಬಿಟ್ಟು ಹೋಗಲು ಅವರಿಗೊಂದು ಬಾಗಿಲು ತೆರೆಯಿತು.

ಆದರೆ ಆ ಬಾಗಿಲು ಎಷ್ಟು ಅಗಲವಾಗಿತ್ತು? ತೋಟಗಳಿಗೆ ಬೇಕಾದ ಆಳುಗಳು ಕೊಡಗಿನಲ್ಲಿ ಸಾಲಲಿಲ್ಲ. ಮೈಸೂರು ಸೀಮೆ, ದಕ್ಷಿಣ ಕನ್ನಡ, ಮಲಬಾರುಗಳಿಂದ ಮೇಸ್ತ್ರಿಗಳ ಮೂಲಕ ಜನರನ್ನು ಕರೆತಂದರು. ದೊರೆ ಮೇಸ್ತ್ರಿಗೆ ಮುಂಗಡ ಕೊಡುತ್ತಿದ್ದ, ಮೇಸ್ತ್ರಿ ಆಳುಗಳಿಗೆ ಮುಂಗಡ ಕೊಡುತ್ತಿದ್ದ. ಮುಂಗಡ ತೀರುವವರೆಗೆ ಆಳು ಬಿಡುವಂತಿಲ್ಲ. ಬಿಟ್ಟು ಹೋದರೆ 1859ರ ಹದಿಮೂರನೆಯ ಕಾಯಿದೆ ಇತ್ತು. ಕೆಲಸದ ಕರಾರು ಮುರಿದವನಿಗೆ ಕೆಲಸ ಮಾಡು, ಇಲ್ಲವೇ ಹಣ ಹಿಂತಿರುಗಿಸು ಎಂದು ಮ್ಯಾಜಿಸ್ಟ್ರೇಟ್ ಆಜ್ಞೆ ಮಾಡಬಹುದಾಗಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ದುಡ್ಡಿನ ವ್ಯವಹಾರದಲ್ಲಿ ತಪ್ಪಿದವನನ್ನು ಅಪರಾಧಿಯಂತೆ ಕಂಡ ಕಾಯಿದೆ ಇದು. 1926ರಲ್ಲಿ ಇದು ರದ್ದಾದಾಗ ಕೊಡಗಿಗೆ ಪ್ರತ್ಯೇಕವಾಗಿ ಒಂದು ಕೂಲಿಯಾಳು ಕಾಯಿದೆಯನ್ನೇ ತಂದು ಕೆಲವು ವರ್ಷ ಅದೇ ಪದ್ಧತಿಯನ್ನು ಮುಂದುವರಿಸಿದರು. ಹಳೆಯ ಜೀತದ ಹಗ್ಗ ಬಿಚ್ಚಿತು, ಮುಂಗಡದ ಹಗ್ಗ ಬಿಗಿಯಿತು. ಸಾಲು ಮನೆಗಳಲ್ಲಿ ನೆಲೆಸಿದ ಈ ಜನ ಊರಿನ ಸಭೆಗೆ ಸೇರಿದವರಾಗಲಿಲ್ಲ. ಅವರು ‘ಎಸ್ಟೇಟಿನವರು’. ಒಂದೇ ನೆಲದಲ್ಲಿ ಎರಡು ಬೇರೆ ಬೇರೆ ಸಮಾಜಗಳು ಹುಟ್ಟಿಕೊಂಡವು.

ಬೆಟ್ಟಕ್ಕೆ ಏನಾಯಿತು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೆಚ್ಚು ಆಸಕ್ತಿಯ ವಿಷಯ. ಮೊದಲ ತೋಟಗಾರರಲ್ಲಿ ಅನೇಕರು ಕಾಡನ್ನು ಸಂಪೂರ್ಣ ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. ಬೇಗ ಫಸಲು ಬರಬೇಕೆಂಬ ಆತುರ. ಬಿಳಿ ಕಾಂಡಕೊರಕ ಎಂಬ ದುಂಬಿಗೆ ಬಿಸಿಲು ಬೀಳುವ ಗಿಡಗಳೆಂದರೆ ಪ್ರೀತಿ. ಅದು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. 1860ರ ದಶಕದಲ್ಲಿ ಈ ಕೀಟ ಬಯಲಿನ ತೋಟಗಳನ್ನು ನಾಶಮಾಡಿತು. ಅದರ ಬೆನ್ನಿಗೇ ಎಲೆ ತುಕ್ಕು ರೋಗ ಬಂತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿದ ರೋಗವಿದು. ಕಾಡಿನ ಹೊದಿಕೆ ಹೋದ ಇಳಿಜಾರಿನಲ್ಲಿ ಮಳೆಗೆ ಮೇಲ್ಮಣ್ಣೂ ಕೊಚ್ಚಿಹೋಯಿತು. ಮಡಿಕೇರಿ ಸುತ್ತಲಿನ ಎಷ್ಟೋ ತೋಟಗಳನ್ನು ಕೈಬಿಟ್ಟು ಬಂಡವಾಳ ಪೂರ್ವದ ಸಿದ್ದಾಪುರ, ಪಾಲಿಬೆಟ್ಟದ ಬಿದಿರು ಸೀಮೆಗೆ ಸರಿಯಿತು. ಅಲ್ಲಿ ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ಪದ್ಧತಿ ನೆಲೆಯೂರಿತು. ಇಂದು ನಾವು ಹೆಮ್ಮೆಯಿಂದ ಹೇಳುವ ನೆರಳು ಕಾಫಿ ಹೀಗೆ ಬಹಳ ದುಬಾರಿಯಾದ ಪಾಠದಿಂದ ಬಂದದ್ದು.

ಗಮನಿಸಿ: ಬಂಡವಾಳ ಬೇರೆ ಬೆಟ್ಟಕ್ಕೆ ಸರಿಯಿತು. ಬೋಳಾದ ಬೆಟ್ಟ ಅಲ್ಲಿಯೇ ಉಳಿಯಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ದೊರೆಗಳನ್ನು ನೋಡಿ ಕೊಡಗಿನ ಒಕ್ಕಗಳು ತಾವೂ ಬಾಣೆಯಲ್ಲಿ ಕಾಫಿ ನೆಟ್ಟವು. ಇದರಿಂದ ಸ್ಥಳೀಯರೇ ತೋಟಗಾರರಾದರು, ಮಕ್ಕಳಿಗೆ ವಿದ್ಯೆ ಬಂತು, ಮುಂದೆ ಆಸ್ತಿ ದೊರೆಗಳ ಕೈಯಿಂದ ಬಹುಪಾಲು ಇಲ್ಲಿನವರ ಕೈಗೇ ಬಂತು. ಇಂದು ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡ 95ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಆದರೆ ಗದ್ದೆಗೆ ಸೊಪ್ಪು ಕೊಡುತ್ತಿದ್ದ, ದನ ಮೇಯಿಸುತ್ತಿದ್ದ ಬಾಣೆ ಬೇಲಿ ಹಾಕಿದ ತೋಟವಾಯಿತು. ಸೊಪ್ಪಿನ ಹಕ್ಕೋ ಮಣ್ಣಿನ ಹಕ್ಕೋ ಎಂಬ ಬಾಣೆಯ ಜಿಜ್ಞಾಸೆ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ನ್ಯಾಯಾಲಯ, ವಿಧಾನಮಂಡಲಗಳ ಮುಂದೆ ಬಂತು.

ಕ್ಯಾಲಿಫೋರ್ನಿಯ: ಎರಡು ಊರುಗಳ ಹೋಲಿಕೆ

ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಏನು ಮಾಡುತ್ತೇವೆ? ಉಳಿದೆಲ್ಲ ಅಂಶಗಳನ್ನು ಒಂದೇ ಸಮನಾಗಿಟ್ಟು ಆ ಒಂದನ್ನು ಮಾತ್ರ ಬದಲಿಸುತ್ತೇವೆ. ಊರುಗಳನ್ನು ಹೀಗೆ ಪರೀಕ್ಷಾ ನಳಿಕೆಯಲ್ಲಿ ಇಡಲಾಗುವುದಿಲ್ಲ. ಆದರೆ ವಾಲ್ಟರ್ ಗೋಲ್ಡ್‌ಶ್ಮಿಟ್ ಎಂಬ ಮಾನವಶಾಸ್ತ್ರಜ್ಞ 1944ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪರವಾಗಿ ಅಂಥದೊಂದು ಪ್ರಯತ್ನ ಮಾಡಿದರು.

ಕ್ಯಾಲಿಫೋರ್ನಿಯದ ಸಾನ್ ವಾಕಿನ್ ಕಣಿವೆಯಲ್ಲಿ ಆರ್ವಿನ್ ಮತ್ತು ಡೈನ್ಯೂಬ ಎಂಬ ಎರಡು ಊರುಗಳು. ಎರಡರ ಸುತ್ತಲೂ ನೀರಾವರಿ ಜಮೀನು. ವರ್ಷಕ್ಕೆ ಬೆಳೆಯುವ ಬೆಳೆಯ ಒಟ್ಟು ಬೆಲೆ ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಹಿಡುವಳಿಯಲ್ಲಿ. ಡೈನ್ಯೂಬದಲ್ಲಿ ಒಂದು ಹಿಡುವಳಿಯ ಸರಾಸರಿ ಗಾತ್ರ 57 ಎಕರೆ. ಆರ್ವಿನ್‌ನಲ್ಲಿ 497 ಎಕರೆ. ಡೈನ್ಯೂಬದಲ್ಲಿ ಹೆಚ್ಚಿನವರು ಸ್ವಂತ ಜಮೀನು ಮಾಡುವ ಕುಟುಂಬಗಳು. ಆರ್ವಿನ್‌ನಲ್ಲಿ ದೊಡ್ಡ ಕಂಪನಿಗಳ, ಬೇರೆಡೆ ವಾಸಿಸುವ ಮಾಲೀಕರ ಜಮೀನುಗಳಿದ್ದವು.

ಗೋಲ್ಡ್‌ಶ್ಮಿಟ್ ಊರಿನ ಬೀದಿಗಳಲ್ಲಿ ನಡೆದು ಲೆಕ್ಕ ಹಾಕಿದರು. ಚಿಕ್ಕ ಹಿಡುವಳಿಗಳ ಊರಿನಲ್ಲಿ ಅಂಗಡಿ ಮತ್ತು ಉದ್ಯಮಗಳು ಸುಮಾರು ಎರಡರಷ್ಟು. ಚಿಲ್ಲರೆ ವ್ಯಾಪಾರ ಒಂದೂವರೆ ಪಟ್ಟಿಗೂ ಹೆಚ್ಚು. ಅಲ್ಲಿ ನಾಲ್ಕು ಪ್ರಾಥಮಿಕ ಶಾಲೆಗಳು, ಜೊತೆಗೆ ಒಂದು ಪ್ರೌಢಶಾಲೆ. ದೊಡ್ಡ ಹಿಡುವಳಿಗಳ ಊರಿನಲ್ಲಿ ಒಂದೇ ಪ್ರಾಥಮಿಕ ಶಾಲೆ. ಅಲ್ಲಿ ಮೂರು ಉದ್ಯಾನ, ಇಲ್ಲಿ ಒಂದು, ಅದೂ ಒಂದು ಕಂಪನಿ ಬಳಸಲು ಕೊಟ್ಟದ್ದು. ಅಲ್ಲಿ ಎರಡು ಪತ್ರಿಕೆ, ಇಲ್ಲಿ ಒಂದು. ಡೈನ್ಯೂಬದಲ್ಲಿ ದುಡಿಯುವವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಜನ ಕೃಷಿ ಕೂಲಿಗಳು. ಆರ್ವಿನ್‌ನಲ್ಲಿ ಸುಮಾರು ಮೂರನೆಯ ಎರಡು ಭಾಗ. ಎಲ್ಲಕ್ಕಿಂತ ಮುಖ್ಯವಾಗಿ, ಡೈನ್ಯೂಬಕ್ಕೆ ತನ್ನದೇ ಪುರಸಭೆಯಿತ್ತು. ಆರ್ವಿನ್‌ಗೆ ಆಗ ಇರಲಿಲ್ಲ. ಬೀದಿ ದೀಪ ಬೇಕೆಂದರೂ ದೂರದ ಜಿಲ್ಲಾ ಕಚೇರಿಯ ಕಡೆ ನೋಡಬೇಕಾಗಿತ್ತು.

ಕಾರಣವೇನು? ಲೆಕ್ಕ ಸರಳವಾಗಿದೆ. ನೂರು ಕುಟುಂಬಗಳು ನೂರು ಹಿಡುವಳಿ ಮಾಡಿದರೆ ಲಾಭ ನೂರು ಮನೆಗಳಿಗೆ ಹಂಚಿಹೋಗುತ್ತದೆ. ಆ ನೂರು ಮನೆಯವರು ನೇಗಿಲು, ಬಟ್ಟೆ, ಪುಸ್ತಕ, ಔಷಧಿಗಳನ್ನು ಅದೇ ಪೇಟೆಯಲ್ಲಿ ಕೊಳ್ಳುತ್ತಾರೆ. ತಮ್ಮ ಮಕ್ಕಳು ಅದೇ ಶಾಲೆಗೆ ಹೋಗುವುದರಿಂದ ಶಾಲೆಯ ಸಮಿತಿಗೆ ಬಂದು ಕೂರುತ್ತಾರೆ. ಒಂದೇ ಕಂಪನಿ ಅಷ್ಟನ್ನೂ ಮಾಡಿದರೆ ಯಂತ್ರ, ಗೊಬ್ಬರಗಳನ್ನು ದೂರದ ನಗರದಿಂದ ಸಗಟಾಗಿ ತರಿಸುತ್ತದೆ, ಲಾಭ ಪಾಲುದಾರರಿಗೆ ಹೋಗುತ್ತದೆ. ಋತುವಿಗೊಮ್ಮೆ ಬಂದು ಹೋಗುವ ಕೂಲಿಗಾರ ಊರಿನ ಶಾಲೆಗಾಗಿ ಹೋರಾಡುವಷ್ಟು ದಿನ ಅಲ್ಲಿ ನಿಲ್ಲುವುದೇ ಇಲ್ಲ.

ವಿಜ್ಞಾನದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಎರಡು ಊರುಗಳು ಎಲ್ಲ ವಿಷಯದಲ್ಲಿಯೂ ಸಮಾನವಾಗಿರಲಿಲ್ಲ. ಆರ್ವಿನ್ ಹೊಸ ಊರು. ಅಲ್ಲಿ ಅಂತರ್ಜಲ ಆಳದಲ್ಲಿದ್ದು, ಬಾವಿ ತೋಡಲು ಹೆಚ್ಚು ಬಂಡವಾಳ ಬೇಕಾಗಿತ್ತು. ಆದ್ದರಿಂದ ವ್ಯತ್ಯಾಸಕ್ಕೆಲ್ಲ ಹಿಡುವಳಿಯ ಗಾತ್ರವೊಂದೇ ಕಾರಣವೇ ಎಂದು ವಿದ್ವಾಂಸರು ಪ್ರಶ್ನಿಸಿದ್ದಾರೆ. ಅದಕ್ಕೆ ಸರಿಯಾದ ಉತ್ತರವೆಂದರೆ ಇನ್ನಷ್ಟು ಊರುಗಳನ್ನು ಅಳೆದು ನೋಡುವುದು. ಗೋಲ್ಡ್‌ಶ್ಮಿಟ್ ಅದಕ್ಕೂ ಯೋಜನೆ ಹಾಕಿದ್ದರು. ಆದರೆ ಆ ಹೊತ್ತಿಗೆ ಸರ್ಕಾರಿ ನೀರಾವರಿಯ ನೀರು ಒಬ್ಬರಿಗೆ 160 ಎಕರೆಗೆ ಮಾತ್ರ ಎಂಬ 1902ರ ಕಾಯಿದೆಯನ್ನು ಆ ಕಣಿವೆಗೆ ಅನ್ವಯಿಸಬೇಕೇ ಬೇಡವೇ ಎಂಬ ವಾದ ಜೋರಾಗಿತ್ತು. ದೊಡ್ಡ ಜಮೀನುದಾರರ ವಿರೋಧದ ನಡುವೆ ಎರಡನೆಯ ಹಂತದ ಅಧ್ಯಯನ ನಿಂತುಹೋಯಿತು. ಮೊದಲ ಹಂತದ ಫಲಿತಾಂಶ 1946ರಲ್ಲಿ ಅಮೆರಿಕದ ಸೆನೆಟ್ಟಿನ ವರದಿಯಾಗಿ ಪ್ರಕಟವಾಯಿತು. ಊರಿನ ಶಾಲೆಗಳನ್ನು ಎಣಿಸುವುದು ಕೂಡ ಕೆಲವೊಮ್ಮೆ ರಾಜಕೀಯವಾಗುತ್ತದೆ.

ಬೆಂಗಳೂರಿನಿಂದ ಗಂಬೆಲಕ್ಕೆ

ಕೊಡಗಿನ ಕಥೆಯಲ್ಲಿ ನಾವು ಬಂಡವಾಳ ಬಂದ ನಾಡಿನವರು. ಮೂರನೆಯ ಕಥೆಯಲ್ಲಿ ಬಂಡವಾಳ ಹೊರಟದ್ದು ನಮ್ಮ ನಾಡಿನಿಂದ.

2007–08ರಲ್ಲಿ ಜಗತ್ತಿನಾದ್ಯಂತ ಆಹಾರ ಧಾನ್ಯಗಳ ಬೆಲೆ ಒಮ್ಮೆಲೇ ಏರಿತು. ಆಹಾರ ಆಮದು ಮಾಡಿಕೊಳ್ಳುವ ದೇಶಗಳೂ, ಲಾಭದ ಹೊಸ ದಾರಿ ಹುಡುಕುತ್ತಿದ್ದ ಕಂಪನಿಗಳೂ ಆಫ್ರಿಕದ ಜಮೀನಿನ ಕಡೆ ನೋಡಿದವು. ಮಡಗಾಸ್ಕರ್‌ನಲ್ಲಿ ದಕ್ಷಿಣ ಕೊರಿಯದ ಡೇವೂ ಲಾಜಿಸ್ಟಿಕ್ಸ್ ಕಂಪನಿ 13 ಲಕ್ಷ ಹೆಕ್ಟೇರ್ ಭೂಮಿಯನ್ನು 99 ವರ್ಷಗಳ ಗುತ್ತಿಗೆಗೆ ಪಡೆಯುವ ಸುದ್ದಿ 2008ರಲ್ಲಿ ಹೊರಬಿತ್ತು. ಅದು ಜನರ ಸಿಟ್ಟಿಗೆ ಒಂದು ಮುಖ್ಯ ಕಾರಣವಾಯಿತು. 2009ರ ಮಾರ್ಚ್‌ನಲ್ಲಿ ಅಲ್ಲಿನ ಅಧ್ಯಕ್ಷರೇ ಅಧಿಕಾರ ಕಳೆದುಕೊಂಡರು. ಒಪ್ಪಂದ ಬಿದ್ದುಹೋಯಿತು.

ಅದೇ ಸಮಯದಲ್ಲಿ ಬೆಂಗಳೂರಿನ ಕರುಟೂರಿ ಗ್ಲೋಬಲ್ ಎಂಬ ಕಂಪನಿ ಇಥಿಯೋಪಿಯದಲ್ಲಿತ್ತು. 1994ರಲ್ಲಿ ಗುಲಾಬಿ ಬೆಳೆಯುವುದರಿಂದ ಆರಂಭಿಸಿ, ಕೀನ್ಯ ಮತ್ತು ಇಥಿಯೋಪಿಯಗಳಲ್ಲಿ ಹೂವಿನ ತೋಟ ಮಾಡಿ, ಜಗತ್ತಿನ ದೊಡ್ಡ ಗುಲಾಬಿ ಬೆಳೆಗಾರರಲ್ಲಿ ಒಂದೆನಿಸಿಕೊಂಡಿದ್ದ ಸಂಸ್ಥೆ. ಇಥಿಯೋಪಿಯದ ಪಶ್ಚಿಮದ ಗಂಬೆಲ ಪ್ರಾಂತ್ಯದಲ್ಲಿ ಅದಕ್ಕೆ ಮೊದಲು ಮಾತಾದದ್ದು 3 ಲಕ್ಷ ಹೆಕ್ಟೇರ್. ನಮ್ಮ ಇಡೀ ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್, ಎಂದರೆ ಸುಮಾರು 4 ಲಕ್ಷ ಹೆಕ್ಟೇರ್. ಅದರ ಮುಕ್ಕಾಲು ಭಾಗದಷ್ಟು ಭೂಮಿ ಒಂದೇ ಕಂಪನಿಗೆ! 2010ರ ಒಪ್ಪಂದದಲ್ಲಿ ಅದು 1 ಲಕ್ಷ ಹೆಕ್ಟೇರಿಗೆ ಇಳಿಯಿತು. ಅವಧಿ 50 ವರ್ಷ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ಒಂದೂಕಾಲು ಡಾಲರ್ ಆಸುಪಾಸು.

ಇಷ್ಟು ಅಗ್ಗವಾಗಿ ಸಿಕ್ಕಿದ್ದು ಹೇಗೆ? ಇಥಿಯೋಪಿಯದಲ್ಲಿ 1975ರಿಂದ ಭೂಮಿಯೆಲ್ಲ ಸರ್ಕಾರದ ಒಡೆತನದ್ದು. ಜಮೀನುದಾರರ ಹಿಡಿತದಿಂದ ರೈತನನ್ನು ಬಿಡಿಸಲೆಂದು ಬಂದ ಕಾನೂನು ಅದು. ಆದರೆ ಒಡೆತನ ಸರ್ಕಾರದ್ದಾದ ಮೇಲೆ ಗುತ್ತಿಗೆ ಕೊಡಲು ಊರಿನವರ ಸಹಿ ಬೇಕಾಗಲಿಲ್ಲ. ನಕ್ಷೆಯಲ್ಲಿ ಆ ಭೂಮಿ ಖಾಲಿಯಾಗಿತ್ತು. ನಿಜದಲ್ಲಿ ಅಲ್ಲಿ ಅನ್ಯುವಕ್ ಜನರಿದ್ದರು. ಅವರು ಬಾರೋ ನದಿಯ ಪ್ರವಾಹ ಇಳಿದ ಮೇಲೆ ಹಸಿ ಮಣ್ಣಿನಲ್ಲಿ ಜೋಳ ಬಿತ್ತುವವರು, ಒಂದು ಹೊಲವನ್ನು ಕೆಲವು ವರ್ಷ ಬಿಟ್ಟು ಇನ್ನೊಂದಕ್ಕೆ ಹೋಗುವವರು. ದನ ಮೇಯಿಸುವ ನುವೇರ್ ಜನರಿದ್ದರು. ಬೀಳುಬಿಟ್ಟ ಹೊಲ ಹೊರಗಿನವರ ಕಣ್ಣಿಗೆ ಪಾಳು ಭೂಮಿ. ನೂರೈವತ್ತು ವರ್ಷಗಳ ಹಿಂದಿನ ‘ಪೈಸಾರಿ’ ನಿಮಗೆ ಇಲ್ಲಿ ನೆನಪಾಗಬೇಕು.

ಅದೇ ವರ್ಷಗಳಲ್ಲಿ ಸರ್ಕಾರ ಗಂಬೆಲದ ಚದುರಿದ ಹಳ್ಳಿಗಳ ಜನರನ್ನು ದೊಡ್ಡ ಹಳ್ಳಿಗಳಿಗೆ ಸೇರಿಸುವ ಕಾರ್ಯಕ್ರಮ ನಡೆಸಿತು. ಶಾಲೆ, ಆಸ್ಪತ್ರೆ ಒದಗಿಸಲು ಇದು ಅನುಕೂಲ, ಜನ ತಾವಾಗಿ ಬಂದಿದ್ದಾರೆ ಎಂದು ಸರ್ಕಾರ ಹೇಳಿತು. ಜನರನ್ನು ಬಲವಂತವಾಗಿ ಎಬ್ಬಿಸಲಾಗಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರ ಜನವರಿಯ ತನ್ನ ವರದಿಯಲ್ಲಿ ಆಪಾದಿಸಿತು. ಈ ಸ್ಥಳಾಂತರಕ್ಕೂ ಜಮೀನಿನ ಗುತ್ತಿಗೆಗೂ ಸಂಬಂಧವಿಲ್ಲವೆಂಬುದು ಸರ್ಕಾರದ ವಾದವಾಗಿತ್ತು.

ತೋಟದ ಗತಿ ಏನಾಯಿತು? 2011ರಲ್ಲಿ ಬಾರೋ ನದಿ ಉಕ್ಕಿ ಕಂಪನಿಯ ಮುಸುಕಿನ ಜೋಳದ ಬೆಳೆ ಮುಳುಗಿತು. ನದಿಯ ಏರಿಳಿತವನ್ನೇ ನಂಬಿ ಬೇಸಾಯ ಮಾಡುತ್ತಿದ್ದವರ ನೆಲದಲ್ಲಿ ನದಿಯನ್ನು ಏರಿ ಕಟ್ಟಿ ತಡೆಯಲು ಹೊರಟ ಬೇಸಾಯವದು. ಕಂಪನಿ ಸಾಲದಲ್ಲಿ ಸಿಲುಕಿತು. 1 ಲಕ್ಷ ಹೆಕ್ಟೇರಿನಲ್ಲಿ 1,200 ಹೆಕ್ಟೇರ್ ಮಾತ್ರ ಅಭಿವೃದ್ಧಿಯಾಗಿದೆ ಎಂದು ಹೇಳಿ ಇಥಿಯೋಪಿಯ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಒಪ್ಪಂದವನ್ನು ರದ್ದು ಮಾಡಿತು. ಕಂಪನಿ ಅದನ್ನು ಒಪ್ಪಲಿಲ್ಲ. ಕೀನ್ಯದ ಗುಲಾಬಿ ತೋಟ ಅದಕ್ಕೂ ಮೊದಲೇ, 2014ರಲ್ಲಿ, ಸಾಲ ಕೊಟ್ಟವರ ಕೈಗೆ ಹೋಗಿತ್ತು. ಹೀಗೆ ಇಲ್ಲಿ ಬಂಡವಾಳ ಹೂಡಿದವರೂ ಗೆಲ್ಲಲಿಲ್ಲ. ಅವರು ಕಳೆದುಕೊಂಡದ್ದು ಹಣ. ಗಂಬೆಲದ ಹಳ್ಳಿಯವರ ಪಾಲಿಗೆ ಹೋದದ್ದು ಕಾಡು, ಮೇವಿನ ಜಾಗ, ಹಳೆಯ ಹೊಲದ ಗುರುತು.

ಇಂಥ ಅನುಭವಗಳ ಬಳಿಕ ವಿಶ್ವಸಂಸ್ಥೆಯ ಆಶ್ರಯದ ಜಾಗತಿಕ ಆಹಾರ ಭದ್ರತಾ ಸಮಿತಿ 2012ರ ಮೇ ತಿಂಗಳಲ್ಲಿ ಭೂ ಹಿಡುವಳಿಯ ಬಗ್ಗೆ ಮಾರ್ಗದರ್ಶಿ ಸೂತ್ರಗಳನ್ನು ಅಂಗೀಕರಿಸಿತು. ಕಾಗದಪತ್ರವಿಲ್ಲದ ರೂಢಿಯ ಹಕ್ಕುಗಳಿಗೂ ಮಾನ್ಯತೆ ಇರಬೇಕು, ಜನರನ್ನು ಕೇಳಿ ನಿರ್ಧರಿಸಬೇಕು ಎಂಬುದು ಅದರ ತಿರುಳು. ಆದರೆ ಅವನ್ನು ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು.

ನಮ್ಮ ಕಾಯಿದೆಯ ಪಯಣ

ಈಗ ಮನೆಗೆ ಬರೋಣ. 1961ರಲ್ಲಿ ಅಂಗೀಕಾರವಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಗೆ 1974ರಲ್ಲಿ, ಡಿ. ದೇವರಾಜ ಅರಸು ಅವರ ಕಾಲದಲ್ಲಿ, ಹಲ್ಲು ಬಂದಿತು. ಅದೇ ವರ್ಷದ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದ ಗೇಣಿದಾರರು ಉಳುವ ಭೂಮಿಯ ಒಡೆಯರಾದರು. ಅದೇ ತಿದ್ದುಪಡಿಯಲ್ಲಿ ಬೇಲಿಯಂತೆ ಕೆಲವು ಕಲಮುಗಳು ಬಂದವು. ಬೇಸಾಯೇತರ ವರಮಾನ ವರ್ಷಕ್ಕೆ 12,000 ರೂಪಾಯಿ ಮೀರಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದಿತು 79ಎ ಕಲಮು. ಕಂಪನಿ ಮೊದಲಾದ ಸಂಸ್ಥೆಗಳು ಜಮೀನು ಹೊಂದುವಂತಿಲ್ಲ ಎಂದಿತು 79ಬಿ. ಕಾಫಿ, ಚಹ, ರಬ್ಬರ್‌ಗಳಂಥ ತೋಟದ ಬೆಳೆಗಳಿಗೆ ಮಾತ್ರ ವಿನಾಯಿತಿ ಇತ್ತು. ಆದ್ದರಿಂದಲೇ ಕೊಡಗು, ಚಿಕ್ಕಮಗಳೂರುಗಳಲ್ಲಿ ಕಂಪನಿಗಳ ತೋಟಗಳು ಉಳಿದವು.

ಆ ಬೇಲಿ ಕ್ರಮೇಣ ಸಡಿಲವಾಯಿತು. ವರಮಾನದ ಮಿತಿ 1995ರಲ್ಲಿ 2 ಲಕ್ಷ ರೂಪಾಯಿಗೆ, 2015ರಲ್ಲಿ 25 ಲಕ್ಷಕ್ಕೆ ಏರಿತು. 2020ರಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಶಾಸನವಾಗಿ ಬಂದ ತಿದ್ದುಪಡಿ ಈ ಕಲಮುಗಳನ್ನೇ ತೆಗೆದುಹಾಕಿತು. ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು.

ಇದರ ಪರವಾಗಿ ಹೇಳುವವರ ಮಾತನ್ನು ಮೊದಲು ಕೇಳಿ. ಕಷ್ಟಕ್ಕೆ ಜಮೀನು ಮಾರುವ ರೈತನಿಗೆ ಕೊಳ್ಳುವವರು ಹೆಚ್ಚಿದಷ್ಟೂ ಬೆಲೆ ಹೆಚ್ಚು ಸಿಗುತ್ತದೆ. ಹಳೆಯ ಕಲಮುಗಳು ನಿಜವಾಗಿ ಯಾರನ್ನೂ ತಡೆಯಲಿಲ್ಲ. ಕಚೇರಿಗಳಲ್ಲಿ ಕಿರುಕುಳಕ್ಕೆ, ಲಂಚಕ್ಕೆ ದಾರಿಯಾದವು. ಓದಿದ ಯುವಕರು ಬೇಸಾಯಕ್ಕೆ ಬರಬೇಕೆಂದರೆ ಬಾಗಿಲು ತೆರೆದಿರಬೇಕು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ವಿರೋಧಿಸುವವರು ಹೇಳುವುದೂ ಅಷ್ಟೇ ಗಂಭೀರವಾದದ್ದು. 2015–16ರ ಕೃಷಿ ಗಣತಿಯಂತೆ ನಮ್ಮ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಇಷ್ಟು ಚಿಕ್ಕ ಹಿಡುವಳಿಯ ರೈತನೂ ನಗರದ ಹಣವಂತನೂ ಒಂದೇ ಸಂತೆಯಲ್ಲಿ ನಿಂತರೆ ಅದು ಸಮಾನರ ವ್ಯಾಪಾರವಲ್ಲ. ಬೆಳೆಯ ಆದಾಯದಿಂದ ಎಂದೂ ತೀರಿಸಲಾಗದ ಬೆಲೆಗೆ ಜಮೀನು ಏರಿದರೆ, ಪಕ್ಕದ ಊರಿನ ರೈತನ ಮಗ ಇನ್ನೊಂದು ಎಕರೆ ಕೊಂಡು ಬೇಸಾಯ ವಿಸ್ತರಿಸುವುದು ಹೇಗೆ?

ಚಿತ್ರೀಕರಣಕ್ಕೆಂದು ನಾವು ಹಳ್ಳಿಗಳ ಮೇಲೆ ಹೋಗುವಾಗ ತಂತಿಬೇಲಿ ಹಾಕಿದ ತೋಟಗಳು ದಾರಿಯಲ್ಲಿ ಸಿಗುತ್ತವೆ. ‘ಇದು ಯಾರ ತೋಟ?’ ಎಂದರೆ ‘ಬೆಂಗಳೂರಿನವರದ್ದು ಸ್ವಾಮಿ’ ಎನ್ನುತ್ತಾರೆ. ಹೆಸರು ಕೇಳಿದರೆ ಹೇಳಲಾರರು. ಕಾವಲಿಗಿರುವಾತ ಕೆಲವೊಮ್ಮೆ ಆ ಜಮೀನನ್ನು ಮಾರಿದವನೇ ಆಗಿರುತ್ತಾನೆ. ಮಾರಿದ ಹಣದಿಂದ ಮಗಳ ಮದುವೆ ಮಾಡಿದೆ, ಮನೆಗೆ ತಾರಸಿ ಹಾಕಿಸಿದೆ ಎಂದು ತೃಪ್ತಿಯಿಂದ ಹೇಳಿದವರನ್ನೂ ಕಂಡಿದ್ದೇನೆ. ಅವರ ತೃಪ್ತಿ ಸುಳ್ಳಲ್ಲ. ಹೊಲದ ನಡುವಿನ ಕಾಲುದಾರಿಗೆ ಬೇಲಿ ಬಿದ್ದು, ಕುರಿ ಹೊಡೆದುಕೊಂಡು ಎರಡು ಮೈಲಿ ಸುತ್ತಿ ಹೋಗುವ ಹುಡುಗನ ಬೇಸರವೂ ಸುಳ್ಳಲ್ಲ. ಆ ಕಾಲುದಾರಿ ಯಾವ ಕ್ರಯಪತ್ರದಲ್ಲಿಯೂ ಇರಲಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು

ಮೂರು ಖಂಡಗಳ ಈ ಅನುಭವದಿಂದ ಹೊರಗಿನ ಹಣವೆಲ್ಲ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕೊಡಗಿನಲ್ಲಿ ಕಾಫಿ ನಿಂತಿತು, ಸ್ಥಳೀಯರ ಬೆಳೆಯಾಯಿತು. ಗಂಬೆಲದಲ್ಲಿ ಏನೂ ನಿಲ್ಲಲಿಲ್ಲ. ವ್ಯತ್ಯಾಸವನ್ನು ಹುಡುಕುವಾಗ ಈ ನಾಲ್ಕು ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ಜಮೀನು ಖಾಲಿಯಿದೆ ಎಂದು ಹೇಳಿದವರು ಯಾರು, ಅಲ್ಲಿ ಓಡಾಡುತ್ತಿದ್ದವರನ್ನು ಕೇಳಿದರೇ? ಬಂದ ಲಾಭದಲ್ಲಿ ಎಷ್ಟು ಭಾಗ ಊರಿನ ಪೇಟೆಯಲ್ಲಿ ಖರ್ಚಾಗುತ್ತದೆ? ಬಂದ ಬೆಳೆ, ಬಂದ ವಿದ್ಯೆ ಊರಿನವರ ಕೈಗೆ ದಾಟಲು ದಾರಿಯಿದೆಯೇ? ಬೆಲೆ ಕುಸಿದಾಗ, ಕೀಟ ಬಿದ್ದಾಗ ಮೊದಲು ಹೊರಟುಹೋಗುವವರು ಯಾರು, ಉಳಿಯುವವರು ಯಾರು?

ನೀವೇ ಮಾಡಿ ನೋಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ನಿಮ್ಮ ಊರಿನ ಅಥವಾ ಅಜ್ಜಿಯ ಊರಿನ ಹತ್ತು ಸರ್ವೆ ನಂಬರುಗಳನ್ನು ಆರಿಸಿಕೊಳ್ಳಿ. ಪಹಣಿಗಳು ಈಗ ಗಣಕಯಂತ್ರದಲ್ಲಿವೆ; ಹಳೆಯ ಕೈಬರಹದ ಪಹಣಿಯ ನಕಲನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬಹುದು. ಮೂವತ್ತು ವರ್ಷಗಳ ಹಿಂದೆ ಕರ್ತೃ ಯಾರು, ಬೆಳೆ ಯಾವುದು? ಈಗ ಯಾರು, ಬೆಳೆ ಯಾವುದು? ಮಾಲೀಕರು ಊರಿನಲ್ಲಿ ವಾಸಿಸುತ್ತಾರೆಯೇ? ಅನಂತರ ಗೋಲ್ಡ್‌ಶ್ಮಿಟ್ ಮಾಡಿದಂತೆ ಊರಿನಲ್ಲಿ ನಡೆದು ಎಣಿಸಿ: ಅಂಗಡಿಗಳೆಷ್ಟು, ಶಾಲೆಯಲ್ಲಿ ಮಕ್ಕಳೆಷ್ಟು, ಗ್ರಾಮಸಭೆಗೆ ಬರುವವರೆಷ್ಟು. ಹಿರಿಯರನ್ನು ಕೂರಿಸಿಕೊಂಡು ಹಳೆಯ ಕಾಲುದಾರಿ, ಗೋಮಾಳ, ಕೆರೆಯಂಗಳಗಳನ್ನು ಒಂದು ಕಾಗದದ ಮೇಲೆ ಗುರುತು ಮಾಡಿಸಿಕೊಳ್ಳಿ. ಕೊಡಗಿನ ಪೈಸಾರಿ ಕಾಡಿಗೂ ಗಂಬೆಲದ ಹೊಲಗಳಿಗೂ ಅಂಥ ಒಂದು ನಕ್ಷೆಯನ್ನು ಸಕಾಲದಲ್ಲಿ ಯಾರೂ ಬರೆದಿಡಲಿಲ್ಲ. ನಿಮ್ಮ ಊರಿನದನ್ನು ನೀವು ಬರೆಯಬಹುದು.